ನಾರಾಯಣಖೇಡದ ವರ

ಧಾರವಾಡದಿಂದ ತಾಂಡೂರಿಗೆ ಹೋಗಿಬಂದದ್ದನ್ನು ಪರದೇಶ ಪ್ರಯಾಣ ಎಂದರೆ ಈಗಿನ ಹುಡುಗಿಯರು ನಗುತ್ತಾರೆ. ನಗಲಿ. ನಾನು ಹೋದಾಗ ಅದು ಪರದೇಶವೇ ಆಗಿತ್ತು. ವಾಡಿ ಸ್ಟೇಷನ್ನಿನಲ್ಲಿ ರೈಲು ಬದಲಿಸಿದರೆ ನಾಣ್ಯ ಬದಲು, ಅಂಚೆ ಚೀಟಿ ಬದಲು, ಬೋರ್ಡಿನ ಮೇಲಿನ ಅಕ್ಷರ ಬದಲು. ತಿಂಗಳ ಹೆಸರು ಕೂಡ ಬೇರೆ.

ನಾನಾಗ ಧಾರವಾಡದ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಅಕ್ಕೋರು. ನನ್ನ ತಂಗಿ ಶಾಂತಾಳನ್ನು ತಾಂಡೂರಿಗೆ ಕೊಟ್ಟಿತ್ತು. ಡಿಸೆಂಬರಿನ ನಾತಾಳದ ರಜೆಗೆ ಅವಳಲ್ಲಿಗೆ ಹೊರಟಿದ್ದೇನೆಂದು ಗೊತ್ತಾದ ಕೂಡಲೇ ನಮ್ಮ ಓಣಿಯಲ್ಲಿ ವಾರಪತ್ರಿಕೆ ನಡೆಸುತ್ತಿದ್ದ ಕಾಕಾ ಮನೆಗೆ ಬಂದರು. ಅವರು ತಂದೆಯ ಗೆಳೆಯರು. ನಿಜಾಮರ ಸೀಮೆಯ ನಮ್ಮ ಜನ ಒಂದು ಸಣ್ಣ ಪಕ್ಷ ಕಟ್ಟಿಕೊಂಡಿದ್ದಾರೆ. ಅಲ್ಲಿನ ಇಂಥ ಪಕ್ಷಗಳೆಲ್ಲ ಕೂಡಿ ಒಬ್ಬ ಅಧ್ಯಕ್ಷನನ್ನು ಆರಿಸುವುದಿದೆ. ಅದಕ್ಕೆ ಈ ಪಕ್ಷದಿಂದ ಯಾರ ಹೆಸರು ಹೋಗುತ್ತದೆ ಎಂದು ಎಲ್ಲರಿಗಿಂತ ಮೊದಲು ತಮ್ಮ ಪತ್ರಿಕೆ ಹೇಳಬೇಕು. ಇಷ್ಟು ಅವರ ಆಸೆ.

"ನಾನು ಹಳ್ಳಿಯ ಪಂಚರ ಹೆಸರನ್ನೂ ಹೇಳಲಾರೆ, ಕಾಕಾ," ಎಂದೆ.

"ನೀ ಹೇಳೂದ ಬ್ಯಾಡ. ಕೇಳಿಕೊಂಡು ತಾರ್ ಕೊಡು. ನನ್ನ ಮಂದಿನ್ನ ಗಡಿಯೊಳಗ ಬಿಡೂದಿಲ್ಲ. ತಂಗಿ ಮನಿಗೆ ಹೊಂಟ ಅಕ್ಕೋರನ್ನ ಯಾರು ತಡೀತಾರ?"

ತಾರಿನ ತಂತಿಸುದ್ದಿಯಲ್ಲಿ ನೇರವಾಗಿ ಬರೆಯಬಾರದು ಎಂದು ಒಂದು ಗುಟ್ಟಿನ ಭಾಷೆಯನ್ನೂ ಕಲಿಸಿದರು. ಆಯ್ಕೆ ಎಂದರೆ ಮದುವೆ. ಆಯ್ಕೆಯಾಗುವವ ವರ. ಬಹಳ ಜಾಣತನದ ಏರ್ಪಾಡು ಎಂದು ಇಬ್ಬರಿಗೂ ಅನ್ನಿಸಿತು.

ವಾಡಿ

ಕರೋಡಗಿರಿ, ಅಂದರೆ ಸುಂಕದ ಕಟ್ಟೆಯ ಗುಮಾಸ್ತ ನನ್ನ ಟ್ರಂಕು ತೆರೆಸಿದ. ಸೀರೆಗಳನ್ನು ಮುಟ್ಟಲಿಲ್ಲ. ಶೇಂಗಾ ಹೋಳಿಗೆಯ ಗಂಟನ್ನು ಎತ್ತಿಕೊಂಡ. ಹೋಳಿಗೆಯನ್ನು ನಾನು ಹಳೆಯ ವೃತ್ತಪತ್ರಿಕೆಯಲ್ಲಿ ಸುತ್ತಿದ್ದೆ. ಅವನು ಒಂದೊಂದೇ ಹೋಳಿಗೆಯನ್ನು ನನ್ನ ಸೆರಗಿಗೆ ಹಾಕಿ, ಎಣ್ಣೆಯಾದ ಕಾಗದವನ್ನು ಎರಡೂ ಬದಿ ತಿರುವಿ ನೋಡಿ, ನೀಟಾಗಿ ಮಡಚಿ ಮೇಜಿನ ಖಾನೆಯಲ್ಲಿ ಇಟ್ಟುಕೊಂಡ. ಅದರಲ್ಲಿದ್ದದ್ದು ಕೂದಲೆಣ್ಣೆಯ ಜಾಹೀರಾತು.

"ಹೋಳಿಗಿ ತಮ್ಮವ್ರಿ, ಅಖಬಾರ್ ಬಿಡಾಕ ಬರಂಗಿಲ್ಲ," ಎಂದ. ಬಹಳ ಮರ್ಯಾದೆಯಿಂದಲೇ ಅಂದ.

ನನ್ನ ಹಿಂದೆ ನಿಂತಿದ್ದ ತರುಣನ ಜೇಬಿನಲ್ಲಿ ಒಂದು ನೋಟುಬುಕ್ಕು ಸಿಕ್ಕಿತು. ಅವನನ್ನು ಪಕ್ಕಕ್ಕೆ ಕರೆದು ಏನೇನೋ ಕೇಳಿ, ಬಂದ ರೈಲಿಗೇ ವಾಪಸು ಹತ್ತಿಸಿದರು. ಕಾಕಾ ನನ್ನನ್ನು ಯಾಕೆ ಆರಿಸಿದರೆಂದು ಆಗ ಅರ್ಥವಾಯಿತು. ಸೆರಗಿನಲ್ಲಿ ಹೋಳಿಗೆ ಹಿಡಿದುಕೊಂಡೇ ಮುಂದಿನ ರೈಲು ಹತ್ತಿದೆ. ಹೆಂಗಸರ ಡಬ್ಬಿಯಲ್ಲಿ ಎದುರಿಗೆ ಕುಳಿತ ಬುರಖಾದ ತಾಯಿ, ನಾನು ಕೇಳುವ ಮೊದಲೇ, ತನ್ನ ಬುತ್ತಿಡಬ್ಬಿಯ ಮುಚ್ಚಳ ಖಾಲಿ ಮಾಡಿ ಕೊಟ್ಟಳು. ಅದರಲ್ಲಿ ಹೋಳಿಗೆ ಇಟ್ಟೆ. ತಾಂಡೂರು ಬರುವಷ್ಟರಲ್ಲಿ ಅರ್ಧ ಹೋಳಿಗೆ ಅವಳ ಮಕ್ಕಳ ಹೊಟ್ಟೆಯಲ್ಲಿದ್ದವು. ಅವಳ ಭಾಷೆ ನನಗೆ ಸರಿಯಾಗಿ ಬರದು, ನನ್ನದು ಅವಳಿಗೆ ಬರದು. ಆದರೂ ಇಳಿಯುವಾಗ ಅವಳಿಗೆ ಎಷ್ಟು ಮಕ್ಕಳು, ಯಾವ ಹುಡುಗನಿಗೆ ಕೆಮ್ಮು ಎಲ್ಲ ನನಗೆ ತಿಳಿದಿತ್ತು.

ತಾಂಡೂರು

ನಮ್ಮಲ್ಲಿ ಕಲ್ಲು ನೆಲಕ್ಕೆ, ಕಟ್ಟೆಗೆ. ತಾಂಡೂರಿನಲ್ಲಿ ಕಲ್ಲು ಎಲ್ಲದಕ್ಕೂ. ತಂಗಿಯ ಮನೆಯ ಗೋಡೆ ಕಲ್ಲು, ಮಾಡು ಕಲ್ಲುಚಪ್ಪಡಿ, ಗೋಡೆಯ ಹಲಗೆ ಕಲ್ಲು, ಬಚ್ಚಲಿನ ಮರೆಯೂ ಕಲ್ಲು. ಪುಷ್ಯದ ಚಳಿಯಲ್ಲಿ ಚಾಪೆ ಹಾಸಿ ಮಲಗಿದರೆ ಬೆನ್ನು ಹಿಡಿದುಕೊಳ್ಳುತ್ತಿತ್ತು. ಶಾಂತಾ ಬಾಗಿಲಲ್ಲೇ ನನ್ನನ್ನು ತಬ್ಬಿಕೊಂಡು ಅತ್ತು, ನಕ್ಕು, "ಅಕ್ಕ, ನೀ ಪಕ್ಷದ ಸಭಾಕ್ಕ ಸರಿಯಾಗಿ ಬಂದಿ ನೋಡು," ಎಂದಳು.

"ಸಭೆ ಇನ್ನೂ ಫೆಬ್ರುವರಿಗೆ ಅಲ್ಲೇನು?"

"ಯಾರಂದರು?"

ಕಾಕಾನ ಕೈಗೆ ಬಂದ ಪತ್ರದಲ್ಲಿ 'ಬಹಮನ್ ತಿಂಗಳು' ಎಂದಿತ್ತು. ಅಲ್ಲಿನ ಸರಕಾರಿ ತಿಂಗಳು ಅದು. ಕಾಕಾ ಯಾವುದೋ ಪಂಚಾಂಗ ನೋಡಿ ಅದನ್ನು ಫೆಬ್ರುವರಿ ಎಂದು ಲೆಕ್ಕ ಹಾಕಿದ್ದರು. ಅದು ಡಿಸೆಂಬರಿನಲ್ಲೇ ಶುರುವಾಗಿಹೋಗಿತ್ತು. ಸಭೆಗೆ ಉಳಿದದ್ದು ಹನ್ನೊಂದೇ ದಿನ.

ಶಾಂತಾಳ ಗಂಡ ಗುರುನಾಥ ಕಲ್ಲಿನ ವ್ಯಾಪಾರಿಯೊಬ್ಬರ ಹತ್ತಿರ ಲೆಕ್ಕ ಬರೆಯುವ ಮುನ್ಷಿ, ಪಕ್ಷದ ಸದಸ್ಯ. ಊಟಕ್ಕೆ ಕುಳಿತಾಗ ಕೇಳಿದೆ.

"ಅದರಾಗ ಕೇಳೂದೇನದರಿ ಅಕ್ಕ. ನಮ್ಮ ಶಂಕ್ರಪ್ಪ ಮಾಸ್ತರರೇ," ಎಂದರು.

ಪಕ್ಕದ ಮನೆಯವರೂ ಅದನ್ನೇ ಅಂದರು, ನೀರಿನವಳೂ ಅಂದಳು. ಶಂಕ್ರಪ್ಪ ಮಾಸ್ತರರು ಪರವಾನಗಿ ಇಲ್ಲದೆ ಕನ್ನಡ ಶಾಲೆ ನಡೆಸುತ್ತಿದ್ದರು. ಕೇಳಿದವರಿಗೆ ಅದು ಭಜನಾ ಮಂಡಳಿ. ಪೋಲಿಸರು ಓಣಿಗೆ ಬಂದರೆ ಮಕ್ಕಳು ತಾಳ ಹಿಡಿದು ಹದಿನೇಳರ ಮಗ್ಗಿಯನ್ನು ರಾಗವಾಗಿ ಹಾಡುತ್ತಿದ್ದವು. ನಾನೂ ಒಂದು ದಿನ ನಿಂತು ಕೇಳಿದೆ. ನನ್ನ ಶಾಲೆಯ ಹುಡುಗಿಯರು ಅಷ್ಟು ತಪ್ಪಿಲ್ಲದೆ ಹೇಳಲಾರರು.

ಇಷ್ಟು ಸುಲಭವೇ ಎಂದುಕೊಂಡು ತಾರಿನ ಮಾತು ತೆಗೆದಾಗ ಗುರುನಾಥ ತಲೆ ಕೆರೆದುಕೊಂಡರು. "ಹಂಗಂತ ಪಕ್ಕಾ ಹೇಳಾಕ ಬರಂಗಿಲ್ಲರಿ. ನಮ್ಮೂರವರದು ಏಳು ಕೈ. ಜಹೀರಾಬಾದದವರದೂ ಏಳು, ಅವರು ತಮ್ಮ ವಕೀಲರಿಗೇ ಎತ್ತತಾರ. ನಾರಾಯಣಖೇಡದವರದು ಐದು. ಆ ಐದು ಯಾವ ಕಡಿ ಬೀಳ್ತಾವೋ ಅವರ ಹೆಸರ ಹೋಗ್ತದ."

ಹಾಗಾದರೆ ಕುಳಿತಲ್ಲಿ ತಿಳಿಯುವ ಮಾತಲ್ಲ. ನಾನು ಜಹೀರಾಬಾದಿಗೆ ಹೊರಟೆ.

ಜಹೀರಾಬಾದ್

ರಾಮರಾವ್ ವಕೀಲರು ಗುರುನಾಥರ ದೂರದ ಬಳಗ. ಕೋರ್ಟಿನಲ್ಲಿ ಉರ್ದು, ಹಾಲಿನವಳ ಜೊತೆ ತೆಲುಗು, ಎಣಿಸುವುದು ಮರಾಠಿ, ಸಿಟ್ಟು ಬಂದರೆ ಕನ್ನಡ. ನಾನು ಇದ್ದ ಎರಡು ದಿನ ಕನ್ನಡವೇ ಹೆಚ್ಚು ಕೇಳಿದೆ. ಆ ಮನೆಯಲ್ಲಿ, ಆ ಓಣಿಯಲ್ಲಿ, ಸ್ಟೇಷನ್ನಿನ ಟಾಂಗಾದವನ ಬಾಯಲ್ಲಿ, ಎಲ್ಲೆಲ್ಲೂ ವಕೀಲರೇ ಗೆದ್ದಾಗಿತ್ತು.

"ಸರಕಾರದ ಜೋಡಿ ಸರಕಾರದ ಭಾಷಾದಾಗ ಮಾತಾಡೋರು ಬೇಕ್ರಿ," ಎಂದು ವಕೀಲರೇ ನನಗೆ ತಿಳಿಸಿದರು. "ಬರದಿಟ್ಟುಕೋರಿ, ನಾರಾಯಣಖೇಡದ ಐದೂ ನಮ್ಮವು."

ಅಡಿಗೆಮನೆಯಲ್ಲಿ ಅವರ ಹೆಂಡತಿ ರಾಧಾಬಾಯಿ ತೊಗರಿ ಕೇರುತ್ತ ಕುಳಿತಿದ್ದರು. ನಾನು, "ನಿಮ್ಮವರೇ ಆಗ್ತಾರಂತಲ್ರಿ, ಸಂತೋಷ," ಎಂದೆ. ಮೊರ ನಿಂತಿತು.

"ಝರಾಸಂಗದ ಸಂಗಮೇಶ್ವರಗ ಹರಕಿ ಹೊತ್ತೀನಿ ಅಕ್ಕಾ."

"ಗೆಲ್ಲಲೆಂದು?"

"ಸೋಲಲೆಂದು." ದನಿ ತಗ್ಗಿಸಿದರು. "ಹೋದ ಸಲ ಹೆಸರ ಹೋದವರು ಎಲ್ಲಿದ್ದಾರ ಗೊತ್ತದನು? ಎಂಟು ದಿನದಾಗ ರಾಜ್ಯ ಬಿಟ್ಟು ಹೋಗಂತ ಹುಕುಂ ಬಂತು. ಸೋಲಾಪುರದಾಗ ಯಾರದೋ ಪಡಸಾಲ್ಯಾಗ ಮಲಗತಾರ. ಹೆಂಡತಿ ಇಲ್ಲೇ ಹಿಂದಿನ ಓಣ್ಯಾಗ ಒಬ್ಬಾಕಿ ಅದಾಳ. ಗೆದ್ದವರ ಮನಿ ಅದು, ಹೋಗಿ ನೋಡ್ರಿ."

ನಾನು ನೋಡಲು ಹೋಗಲಿಲ್ಲ. ಆದರೆ ಆ ಮಾತು ಕೇಳಿದ ಮೇಲೆ ನನ್ನ ಲೆಕ್ಕವೆಲ್ಲ ಕಲಸಿಹೋಯಿತು. ಗಂಡ ಗೆಲ್ಲಬೇಕೆಂದು ಊರೂರು ತಿರುಗುತ್ತಾನೆ, ಹೆಂಡತಿ ಸೋಲಲೆಂದು ಹರಕೆ ಹೊರುತ್ತಾಳೆ. ಇದರಲ್ಲಿ ಯಾರಿಗೆ ಜಯವಾಗಲೆಂದು ನಾನು ಹಾರೈಸಬೇಕು?

ನಾರಾಯಣಖೇಡದ ದಾರಿ

ಯುದ್ಧದ ಕಾಲ. ಪೆಟ್ರೋಲು ಸಿಗುತ್ತಿರಲಿಲ್ಲ. ಬಸ್ಸಿನ ಬೆನ್ನಿಗೆ ಹಂಡೆಯಂಥ ಒಲೆ ಕಟ್ಟಿ ಇದ್ದಿಲ ಹೊಗೆಯಿಂದ ಓಡಿಸುತ್ತಿದ್ದರು. ವಕೀಲರೂ ನಾನೂ ಒಂದೇ ಬಸ್ಸಿಗೆ ಹತ್ತಿದೆವು. ಏರು ಬಂದಾಗಲೆಲ್ಲ ಬಸ್ಸು ಒಮ್ಮೆ ನಿಟ್ಟುಸಿರು ಬಿಟ್ಟು ನಿಲ್ಲುತ್ತಿತ್ತು. ಡ್ರೈವರು "ಉತರೋ ಭಾಯಿ" ಎನ್ನುವಷ್ಟರಲ್ಲಿ ಜನ ಇಳಿದಾಗಿರುತ್ತಿತ್ತು. ಯಾರೂ ಗೊಣಗಲಿಲ್ಲ. ಒಬ್ಬ ಒಲೆಯ ಗಾಳಿಚಕ್ರ ತಿರುಗಿಸಿದರೆ ಉಳಿದವರು ರಸ್ತೆಯ ಪಕ್ಕ ಬಟ್ಟೆ ಹಾಸಿ ರೊಟ್ಟಿ ಬಿಚ್ಚುತ್ತಿದ್ದರು. ನಮ್ಮ ಕಡೆ ಬಸ್ಸು ನಿಂತರೆ ಜನ ಡ್ರೈವರನ ಮೇಲೆ ಬೀಳುತ್ತಾರೆ. ಇಲ್ಲಿ ಡ್ರೈವರನಿಗೇ ಮೊದಲ ರೊಟ್ಟಿ.

ಕೋಳಿಬುಟ್ಟಿಯ ಮುದುಕಿ ನನ್ನ ಕೈಗೆ ರೊಟ್ಟಿ, ಪುಂಡಿಪಲ್ಯ ಇಟ್ಟು, ಯಾವೂರು, ಯಾರ ಮಗಳು, ಹೊಂಟದ್ದೆಲ್ಲಿಗೆ ಎಂದೆಲ್ಲ ಕೇಳಿದಳು. ಕಂಬಳಿ ಕೊಳ್ಳಲು ಎಂದೆ. "ಹಂಗಾದರ ಮಾಳಪ್ಪನ ಮನಿಗೆ ಹೋಗು ತಂಗಿ. ಬ್ಯಾರೆ ಕಡಿ ನೂಲಿನಾಗ ಮೋಸ ಅದ," ಎಂದಳು. ಮಾಳಪ್ಪ ಎಂಬ ಹೆಸರನ್ನು ನಾನು ಮೊದಲ ಸಲ ಕೇಳಿದ್ದು ಅವಳ ಬಾಯಲ್ಲಿ. ಪಕ್ಷದ ಮಾತಿನಲ್ಲಿ ಆ ಹೆಸರನ್ನು ಯಾರೂ ಎತ್ತಿರಲಿಲ್ಲ.

ನಾರಾಯಣಖೇಡ

ಮಾಳಪ್ಪನವರು ಕುರಿ ಸಾಕುವ ಮನೆತನದವರು. ಅರವತ್ತರ ಸುಮಾರು, ಎತ್ತರದ ಆಳು, ಹೆಗಲ ಮೇಲೆ ಕರಿ ಕಂಬಳಿ. ಅವರ ಹೆಂಡತಿ ಭೀಮವ್ವ ನನ್ನನ್ನು ಕಂಡ ಕೂಡಲೇ ಉಣ್ಣೆಯ ಗುಡ್ಡೆ ಸರಿಸಿ ಜಾಗ ಮಾಡಿದಳು, ಬಿಸಿ ಹಾಲು ಕೊಟ್ಟಳು, ನೂಲುವ ಕದಿರು ಕೈಬಿಡದೆಯೇ. ಆ ಗಂಡಹೆಂಡಿರು ದಿನವಿಡೀ ಒಬ್ಬರನ್ನೊಬ್ಬರು ಬೈಯುತ್ತಿದ್ದರು, ಅದೂ ಎಷ್ಟು ಸರಾಗವಾಗಿ ಎಂದರೆ ಬೈಗುಳ ನಿಂತರೆ ಏನೋ ಕೆಟ್ಟಿತು ಎಂದು ತಿಳಿಯಬೇಕು. ಉಣ್ಣೆ ಇಡುವ ಕೊಟ್ಟಿಗೆಯೇ ಪಕ್ಷದ ಸಭೆಯ ಜಾಗ.

ಅಂದು ಮಧ್ಯಾಹ್ನ ತಾಂಡೂರಿನಿಂದ ಶಂಕ್ರಪ್ಪ ಮಾಸ್ತರರೂ ಬಂದಿಳಿದರು. ವಕೀಲರಿಗೂ ಅವರಿಗೂ ಬೇಕಾದದ್ದು ಅದೇ ಐದು ಕೈ. ಹೊಲದವರು, ಕುರಿಯವರು, ಕೂಲಿಯವರು ಕೊಟ್ಟಿಗೆಯಲ್ಲಿ ತುಂಬಿದರು. ಕೆಲವರಿಗೆ ತೆಲುಗು ಮಾತ್ರ, ಕೆಲವರಿಗೆ ಕನ್ನಡ. ಹಾಗಾಗಿ ಒಬ್ಬರು ಮಾತಾಡಿದ್ದನ್ನು ಉಳಿದವರಿಗೆ ತಿಳಿಸುವ ಕೆಲಸ ಮಾಳಪ್ಪನವರದಾಯಿತು.

ವಕೀಲರು ಉರ್ದುವಿನಲ್ಲಿ ಶುರು ಮಾಡಿದರು. ಮರಾಠಿ ಬಲ್ಲ ನನಗೆ ಅಲ್ಪಸ್ವಲ್ಪ ತಿಳಿಯಿತು. ಮಕ್ಕಳಿಗೆ ಮಗ್ಗಿ ಹಾಡಿಸಿದಂತಲ್ಲ ರಾಜಕಾರಣ, ಎಂದು ಅವರು ಮಾಸ್ತರರ ಕಡೆ ಕೈ ಮಾಡಿದರು. ಮಾಳಪ್ಪ ಎದ್ದು ಕನ್ನಡದಲ್ಲಿ ಹೇಳಿದರು: "ವಕೀಲ ಸಾಹೇಬರು ಅಂತಾರ, ಮಾಸ್ತರರು ಮಕ್ಕಳಿಗೆ ಮಾಡಾಕ ಹತ್ತಿದ್ದು ಯಾರ ಕೈಲೂ ಆಗಂಗಿಲ್ಲ. ರಾಜಕಾರಣ ಬ್ಯಾರೆ ಕೆಲಸ, ಅದೂ ಕಷ್ಟದ್ದೇ."

ಮಾಸ್ತರರು ಸುಮ್ಮನಿರಲಿಲ್ಲ. ಕೋರ್ಟಿನಲ್ಲಿ ಕಾಸಿಗೊಂದು ಮಾತಾಡುವವರನ್ನು ನಂಬಬೇಡಿ ಎಂದು ಕನ್ನಡದಲ್ಲಿ ಗುಡುಗಿದರು. ಮಾಳಪ್ಪ ಅದನ್ನು ತೆಲುಗಿನಲ್ಲಿ ಹೇಳಿದರು. ಏನು ಹೇಳಿದರೋ ನನಗೆ ತಿಳಿಯಲಿಲ್ಲ. ಆದರೆ ತೆಲುಗಿನ ರೈತರು ವಕೀಲರ ಕಡೆ ತಿರುಗಿ ಮೆಚ್ಚಿಗೆಯಿಂದ ತಲೆದೂಗಿದರು. ಒಬ್ಬ ಅವರಿಗೆ ಕೈ ಮುಗಿದ. ವಕೀಲರಿಗೂ ತೆಲುಗು ಬರುತ್ತಿತ್ತಲ್ಲ. ಅವರು ಒಂದು ಗಳಿಗೆ ಮಾಳಪ್ಪನನ್ನೇ ನೋಡಿದರು. ಆಮೇಲೆ ಮಾತಾಡಲು ಎದ್ದಾಗ ಅವರ ದನಿಯಲ್ಲಿ ಮೊದಲಿನ ಮುಳ್ಳು ಇರಲಿಲ್ಲ.

ಸಭೆ ಮುಗಿದ ಮೇಲೆ ಆ ಐವರನ್ನು ಒಬ್ಬೊಬ್ಬರನ್ನಾಗಿ ಕೇಳಿದೆ.

"ವಕೀಲರ ಹೆಸರ ಹೋಗ್ತದೇನ್ರಿ?"

"ಹೌದ್ರಿ, ಹೋಗ್ತದ್ರಿ."

"ಮಾಸ್ತರರದು?"

"ಅದೂ ಹೋಗ್ತದ್ರಿ."

"ಒಂದೇ ಹೆಸರು ಹೋಗೋದಲ್ಲೇನ್ರಿ?"

"ಹೌದ್ರಿ, ಒಂದೇ."

ಯಾರೂ ಸುಳ್ಳು ಹೇಳುತ್ತಿರಲಿಲ್ಲ. ಮನೆಗೆ ಬಂದ ಪರವೂರ ಹೆಣ್ಣುಮಗಳಿಗೆ ಇಲ್ಲ ಎನ್ನಬಾರದು ಅಷ್ಟೇ. ಐದನೆಯವರು ಮಾಳಪ್ಪನವರೇ. ಅವರು ಮಾತ್ರ ತಡಮಾಡದೆ, "ವಕೀಲರ ಹೆಸರೇ ಹೋಗ್ತದ್ರಿ," ಎಂದರು.

"ನೀವು ಅವರ ಕಡೆಯೇನು?"

"ಮಾಸ್ತರು ಭಾಳ ಛಲೋ ಮನಶ್ಯಾ. ಅದಕ್ಕೇ ವಕೀಲರ ಹೆಸರ ಹೋಗ್ತದ."

ನಾನು ಬಾಯಿ ಬಿಟ್ಟುಕೊಂಡು ನಿಂತದ್ದನ್ನು ಕಂಡು ಅವರೇ ಬಿಡಿಸಿ ಹೇಳಿದರು. "ಹೆಸರ ಹೋದವರಿಗೆ ಹುಕುಂ ಬರೋದು ಖರೇ ಅದ. ಮಾಸ್ತರನ್ನ ಗಡಿ ದಾಟಿಸಿದರ ಆ ಶಾಲಿ ಮುಚ್ಚತದ. ವಕೀಲರಿಗೆ ಸೋಲಾಪುರದಾಗ ಅಳಿಯ ಅದಾನ, ಮಲಗಾಕ ಜಾಗ ಆತು." ಹಿಂದಿನಿಂದ ಭೀಮವ್ವ, "ಮಂದಿ ಹೆಂಡ್ರನ್ನ ಅಗಲಸಾಕ ಭಾರಿ ಶಾಣ್ಯಾ ಅದಿ," ಎಂದು ಕೂಗಿದಳು. ಅವರು ತಲೆ ತಗ್ಗಿಸಿ, "ಅದೂ ಖರೇನೇ," ಎಂದರು.

ಅಂದು ಸಂಜೆ ನನ್ನ ತಲೆಯಲ್ಲಿ ಇದ್ದದ್ದು ಏಳು, ಏಳು, ಐದರ ಲೆಕ್ಕ ಅಲ್ಲ. ಆ ಕೊಟ್ಟಿಗೆಯಲ್ಲಿ ಎಲ್ಲರೂ ಒಬ್ಬರ ಮಾತನ್ನು ಇನ್ನೊಬ್ಬರು ಕೇಳಿಸಿಕೊಂಡದ್ದು ಯಾರಿಂದ? ವಕೀಲರೂ ಮಾಸ್ತರರೂ ಹೊರಡುವಾಗ ಕಾಲು ಮುಟ್ಟುವಷ್ಟು ಬಗ್ಗಿ ಬೀಳ್ಕೊಂಡದ್ದು ಯಾರನ್ನು? ಯಾರೂ ಹೇಳದ ಹೆಸರೇ ಹೋಗುತ್ತದೆ ಎಂದು ನನಗೆ ಅನ್ನಿಸಿಬಿಟ್ಟಿತು. ಕಾರಣ ಕೇಳಿದ್ದರೆ ಹೇಳಲು ಬರುತ್ತಿರಲಿಲ್ಲ.

ಮತ್ತೆ ಜಹೀರಾಬಾದ್

ಸ್ಟೇಷನ್ನಿನ ತಾರ್ ಕಿಟಕಿಯಲ್ಲಿ ಕಾಗದ ಇಸಿದುಕೊಂಡು, ಮದುವೆ ನಿಶ್ಚಯ, ವರ ನಾರಾಯಣಖೇಡದವ, ಎಂದಷ್ಟೇ ಬರೆದುಕೊಟ್ಟೆ. ತಾರ್ ಬಾಬು ಓದಿ ಮುಖ ಅರಳಿಸಿದ. ಕನ್ನಡದವನೇ.

"ಶುಭಸುದ್ದಿ! ಆದರ ಬಾಯಾರ, ಬರೇ ಊರ ಹಾಕಿದರ ಮಂದಿಗೆ ಹೆಂಗ ತಿಳೀಬೇಕ್ರಿ? ಹೆಸರ ಹಾಕ್ರಿ."

ಕಾಕಾನಿಗೂ ತಿಳಿಯುವುದಿಲ್ಲವಲ್ಲ, ಎಂದು ನನಗೂ ಹೊಳೆಯಿತು. ಬಾಬು ದಯೆಯಿಂದ ಲೇಖನಿ ಮುಂದೆ ಹಿಡಿದಿದ್ದ. 'ಮಾಳಪ್ಪ' ಎಂದು ಸೇರಿಸಿದೆ. ಅವನು ಅದನ್ನು ಗಟ್ಟಿಯಾಗಿ ಓದಿದ. ನನ್ನ ಹಿಂದೆ ಕೊಡೆ ಹಿಡಿದು ನಿಂತಿದ್ದ ಗೃಹಸ್ಥರು ಬೆಚ್ಚಿದರು.

"ನಾರಾಯಣಖೇಡದ ಮಾಳಪ್ಪ? ಕಂಬಳಿ ಮಾಳಪ್ಪಗ ಮದಿವೀನಾ? ಆತಗ ಮೊಮ್ಮಕ್ಕಳವ್ರಿ!"

ಅದು ಬೇರೆ ಮಾಳಪ್ಪ ಎನ್ನಬೇಕಿತ್ತು. ನಾನು ಗಾಬರಿಯಲ್ಲಿ, "ಹೌದ್ರಿ, ಅವರಿಗೇ," ಎಂದೆ. ಅವರು ಕಣ್ಣರಳಿಸಿ ನಿಂತೇ ಇದ್ದರು. ನಾನು ಕೊಡೆಯವರ ಮುಖ ಸರಿಯಾಗಿ ನೋಡದೆ ಓಡಿಬಂದು ರೈಲು ಹತ್ತಿದೆ. ರೈಲಿನಲ್ಲಿ ನೆನೆನೆನೆದು ನಗು ಬಂತು. ಮೊಮ್ಮಕ್ಕಳ ಅಜ್ಜನಿಗೆ ಮದುವೆ ಮಾಡಿಸಿ ಬಂದೆನಲ್ಲ ಎಂದು ತಾಂಡೂರಿನಲ್ಲಿ ಹೇಳಿದಾಗ ಶಾಂತಾಳೂ ಗುರುನಾಥರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಗುರುನಾಥ ಕಣ್ಣೊರೆಸಿಕೊಂಡು, "ಅಲ್ಲರಿ ಅಕ್ಕ, ಮಾಳಪ್ಪನ ಹೆಸರ ಹೋಗಾಕ ಸಾಧ್ಯನೇ ಇಲ್ಲ," ಎಂದರು.

ತಾಂಡೂರಿನ ಸತ್ಯನಾರಾಯಣ

ಸಭೆಗೆ ಪರವಾನಗಿ ಸಿಗುವಂತಿರಲಿಲ್ಲ. ಆದ್ದರಿಂದ ಕಲ್ಲಿನ ಅಂಗಳವೊಂದರಲ್ಲಿ ಸತ್ಯನಾರಾಯಣ ಪೂಜೆ ಇಟ್ಟುಕೊಂಡರು. ಒಳಗೆ ನಾವು ಹೆಂಗಸರು ಪ್ರಸಾದದ ಸಜ್ಜಿಗೆ ಕೆದಕುತ್ತಿದ್ದೆವು. ಬಾಗಿಲ ಮರೆಯಿಂದ ಎಲ್ಲ ಕೇಳಿಸುತ್ತಿತ್ತು. ನಾರಾಯಣಖೇಡದಿಂದ ಐವರ ಬದಲು ನಾಲ್ವರು ಬಂದಿದ್ದರು. ಹಿರಿಯನೊಬ್ಬ ನಿಂತುಕೊಂಡೇ ಹೇಳಿದ.

"ಮಾಳಪ್ಪನ್ನ ನಿನ್ನೆ ಪೋಲಿಸರು ಒಯ್ದಾರ್ರಿ. ಜಿಲ್ಲಾದ ಜೈಲಿಗೆ."

"ಯಾಕಂತ?"

"ಊರಾಗ ಏನೋ ಸುದ್ದಿ ಹಬ್ಬಿತ್ರಿ, ಆತಗ ಎರಡನೇ ಮದಿವಿ ಅಂತ. ಪೋಲಿಸರು ಅದನ್ನೇ ಕೇಳಿದರು. ಮದಿವಿ ಯಾವುದು, ವರ ಯಾರು, ಬೀಗರು ಧಾರವಾಡದಾಗ ಯಾರು? ಪಾಪ ಆತಗ ಒಂದೂ ತಿಳೀಲಿಲ್ಲ. ಸುಮ್ಮನೆ ಹೋಗ್ಯಾನ."

ನಾನು ಸೌಟನ್ನು ಪಾತ್ರೆಯಲ್ಲೇ ಬಿಟ್ಟು ಬಾಗಿಲ ಹತ್ತಿರ ಬಂದೆ. ಶಾಂತಾ ನನ್ನ ಮುಖ ನೋಡಿದಳು.

ಹೊರಗೆ ಆ ಹಿರಿಯನನ್ನು ಕೂರಿಸಿ ನೀರು ಕೊಟ್ಟರು. ಆಮೇಲೆ ವಕೀಲರ ದನಿ, ಕನ್ನಡದಲ್ಲಿ: "ನನ್ನ ಹೆಸರ ತಗೀರಿ. ಆತ ಒಳಗ ಕೂತಿರಬೇಕಾದರ ನನ್ನ ಹೆಸರ ಹೆಂಗ ಕಳಸ್ತೀರಿ?" ಮಾಸ್ತರರು ಎದ್ದು, "ಇದೊಂದು ಮಾತಿನಾಗ ನಾ ವಕೀಲರ ಕಡಿ," ಎಂದರು. ಕೈ ಎತ್ತಿ ಎಂದಾಗ ಹದಿನೆಂಟು ಕೈಯೂ ಎದ್ದವು. ಹೋದ ಹೆಸರು ಮಾಳಪ್ಪನದು.

ಗುರುನಾಥ ಒಳಗೆ ಬಂದು ನನ್ನನ್ನು ವಿಚಿತ್ರವಾಗಿ ನೋಡಿ, "ಅಕ್ಕ, ನಿಮಗ ಹೆಂಗ ಗೊತ್ತಾತು?" ಎಂದರು. ನಾನು ಏನು ಹೇಳಲಿ? ನಾನು ಕಂಡು ಹೇಳಿದೆನೋ, ಹೇಳಿದ್ದರಿಂದ ಆಯಿತೋ? ಮನೆಗೆ ಹೋದರೆ ಕಾಕಾನ ತಾರ್ ಕಾಯುತ್ತಿತ್ತು. ಮದುವೆಗೆ ಹರ್ಷ, ಮುಂದಿನ ವರ ಯಾರು ತಿಳಿಸು, ಎಂದಿತ್ತು. ಅದನ್ನು ಹರಿದು ಒಲೆಗೆ ಹಾಕಿದೆ. ಎರಡು ದಿನದಲ್ಲಿ ನನ್ನ ಶಾಲೆ ಶುರುವಾಗುವುದಿತ್ತು. ಶಾಂತಾ ಬೇಡವೆಂದರೂ ಕೇಳದೆ ಧಾರವಾಡದ ರೈಲು ಬಿಟ್ಟು ನಾರಾಯಣಖೇಡದ ದಾರಿ ಹಿಡಿದೆ.

ನಾರಾಯಣಖೇಡ, ಎರಡನೇ ಸಲ

ಭೀಮವ್ವ ನೂಲುತ್ತಿರಲಿಲ್ಲ. ಉಣ್ಣೆಯ ಗುಡ್ಡೆಯ ಪಕ್ಕ ಸುಮ್ಮನೆ ಕುಳಿತಿದ್ದಳು. ನಾನು ನಿಂತೇ ಎಲ್ಲ ಹೇಳಿದೆ: ಕಾಕಾ, ಗುಟ್ಟಿನ ಭಾಷೆ, ತಾರ್ ಕಿಟಕಿ, ಕೊಡೆಯವರು.

"ಹಂಗಾದರ ಮದಿವಿ ಸುಳ್ಳ," ಎಂದಳು ಕೊನೆಗೆ.

"ಸುಳ್ಳು. ನಾನೇ ಹುಟ್ಟಿಸಿದ್ದು."

"ಪೋಲಿಸರು ಇವತ್ತಿಲ್ಲ ನಾಳಿ ಬರವರೇ ಇದ್ದರು. ಅದಕ್ಕ ನಾ ಅಳಂಗಿಲ್ಲ." ಉಣ್ಣೆಯ ಎಳೆಯೊಂದನ್ನು ಬೆರಳಿಗೆ ಸುತ್ತಿಕೊಂಡಳು. "ಸಂತಿಗೆ ಹೋದವರು ಸುದ್ದಿ ತಂದರು, ನಿನ್ನ ಗಂಡ ಮದಿವಿ ಆಗಾಕ ಹತ್ಯಾನ ಅಂತ. ಕೇಳಿದೆ. ಆತ ನಕ್ಕ. ನಕ್ಕಿದ್ದಕ್ಕ ನನಗ ಖರೇ ಅನಸ್ತು. ಮೂರು ದಿನ ಮಾತ ಬಿಟ್ಟೆ ಅಕ್ಕೋರೆ. ಬೈಲೂ ಇಲ್ಲ. ಪೋಲಿಸರು ಬಂದಾಗ ಆತ ಬಾಗಲ್ದಾಗ ನಿಂತು, ಹೋಗಿ ಬರ್ತೀನಿ ಅಂದ. ನಾ ಗ್ವಾಡಿ ಕಡಿ ಮಾರಿ ಮಾಡಿ ನಿಂತಿದ್ದೆ."

ಜೈಲಿನದಕ್ಕೆ ನಾನು ಸಿದ್ಧಳಾಗಿ ಬಂದಿದ್ದೆ. ಇದಕ್ಕೆ ಸಿದ್ಧಳಾಗಿರಲಿಲ್ಲ. ಅವಳ ಮುಂದೆ ನೆಲದ ಮೇಲೆ ಕುಳಿತೆ. ಕ್ಷಮಿಸು ಎಂಬ ಮಾತು ಬಾಯಿಗೆ ಬಂದು ನಿಂತಿತು. ಕೇಳುವ ಹಕ್ಕು ಇದೆಯೋ ಇಲ್ಲವೋ ತಿಳಿಯಲಿಲ್ಲ. ಅವಳೂ ನನ್ನನ್ನು ಸಮಾಧಾನ ಮಾಡಲಿಲ್ಲ. ಸ್ವಲ್ಪ ಹೊತ್ತಿಗೆ ಎದ್ದು ಮುಖ ತೊಳೆದು, ಹೊಸ ಕಂಬಳಿಯೊಂದನ್ನು ಗಂಟು ಕಟ್ಟಿದಳು.

"ಏಳ್ರಿ. ಜೈಲಿನ ದಾರಿ ನನಗ ಗೊತ್ತಿಲ್ಲ. ಬೋರ್ಡ ಓದಾಕೂ ಬರಂಗಿಲ್ಲ. ನೀವು ಬರ್ರಿ."

ಬೋರ್ಡಿನ ಅಕ್ಷರ ನನಗೂ ಓದಲು ಬರುತ್ತಿರಲಿಲ್ಲ. ಆದರೂ ಹೊರಟೆ.

ಜೈಲಿನ ಬಾಗಿಲು

ತಪ್ಪು ಬಸ್ಸು ಹತ್ತಿದೆವು, ತಪ್ಪು ಕಚೇರಿಯ ಮುಂದೆ ಅರ್ಧ ದಿನ ನಿಂತೆವು. ಅದು ಜೈಲಲ್ಲ, ದಸ್ತಾವೇಜಿನ ಆಫೀಸು ಎಂದು ಒಬ್ಬ ಮುನ್ಷಿ ಎದ್ದು ಬಂದು, ತನ್ನ ಜವಾನನನ್ನೇ ಜೊತೆಗೆ ಕೊಟ್ಟು ಕಳಿಸಿದ. ಜೈಲಿನ ಬಾಗಿಲಲ್ಲಿ ಹೆಂಡತಿಗೆ ಮಾತ್ರ ಒಳಗೆ ಹೋಗಲು ಅಪ್ಪಣೆ ಸಿಕ್ಕಿತು. ನಾನು ಹೊರಗೆ ಬೇವಿನ ಮರದ ಕೆಳಗೆ ನಿಂತೆ. ನಮ್ಮೂರ ಜೈಲನ್ನು ದಿನಾ ದಾಟಿ ಶಾಲೆಗೆ ಹೋಗುತ್ತಿದ್ದೆ. ಅದರ ಗೋಡೆ ಎಷ್ಟು ಎತ್ತರ ಎಂದು ಒಂದು ದಿನವೂ ನೋಡಿರಲಿಲ್ಲ.

ಒಳಗಿನಿಂದ ಮೊದಲು ಏನೂ ಕೇಳಿಸಲಿಲ್ಲ. ಆಮೇಲೆ ಭೀಮವ್ವನ ದನಿ, ಏರುತ್ತ ಏರುತ್ತ, ಒಂದೇ ಉಸಿರಿನಲ್ಲಿ ಬೈಗುಳ. ಪಹರೆಯವನು ಗಾಬರಿಯಾಗಿ ನನ್ನ ಕಡೆ ನೋಡಿದ. ನಾನು ಕಣ್ಣೊರೆಸಿಕೊಂಡೆ.

ಹೊರಗೆ ಬಂದಾಗ ಅವಳ ಕೈಯಲ್ಲಿ ಕಂಬಳಿ ಇರಲಿಲ್ಲ. ಬಸ್ಸಿನ ಕಟ್ಟೆಯ ತನಕ ನನ್ನ ಮುಂದೆ ನಡೆದಳು. ಅಲ್ಲಿ ಕುಳಿತ ಮೇಲೆ ನಾನೇ ಕೇಳಿದೆ.

"ಏನಂದರು?"

"ಯಾರ ಹೆಸರ ಹೋತು ಅಂತ ಕೇಳಿದ."

"ಹೇಳಿದಿರಾ?"

"ನಿಂದೇ ಅಂದೆ. ನಂಬಲಿಲ್ಲ. ವಕೀಲರದೇ ಹೋಗಿರ್ತದ, ನಿನಗ ತಪ್ಪ ತಿಳದದ ಅಂದ. ಮೂರ ಸಲ ಹೇಳಿದೆ. ಆಮ್ಯಾಲ ಸುಮ್ಮನ ಕೂತ. ಅಂಜಿದನೋ ಖುಷಿ ಆದನೋ ಮಾರಿ ನೋಡಿದರ ತಿಳೀಲಿಲ್ಲ."

"ತಾರಿನ ಮಾತು?"

"ಅದನ್ನೂ ಹೇಳಿದೆ. ಮದಿವಿ ಯಾರ ಜೋಡಿ ಗೊತ್ತ ಮಾಡಿದ್ದರು ಕೇಳು ಅಂತ ನಕ್ಕ." ಅವಳು ಸೆರಗಿನಿಂದ ಮೂಗು ಒರೆಸಿಕೊಂಡಳು. "ಮತ್ತ ಅಂದ, ಆ ಬಾಯಿ ತಾರ್ ಕೊಡೋಕಿಂತ ಎಂಟ ದಿನ ಮೊದಲೇ ಪೋಲಿಸ ಅಮೀನ ಸಾಹೇಬ ಮನಿಗೆ ಬಂದು ಎಲ್ಲಾ ನೋಡಿ ಬರಕೊಂಡು ಹೋಗಿದ್ದ. ತಾರಿನಿಂದ ಏನೂ ಆಗಿಲ್ಲ. ಹಂಗಂತ ಆಕಿಗೆ ಹೇಳು ಅಂದ."

ನನ್ನ ಎದೆಯ ಮೇಲಿನ ಚಪ್ಪಡಿ ಒಂದಿಷ್ಟು ಸರಿಯಿತು. ಸರಿದ ಗಳಿಗೆಯಲ್ಲೇ ಸಂಶಯ ಬಂತು.

"ಖರೇ ಬಂದಿದ್ದನೇನು ಅಮೀನ?"

ಭೀಮವ್ವ ಸೆರಗಿನ ಗಂಟು ಬಿಚ್ಚಿ ಬಸ್ಸಿನ ಕಾಸು ಎಣಿಸತೊಡಗಿದಳು.

"ನಾ ಆಗ ಕಲ್ಹೇರಿಗೆ ತವರಮನಿಗೆ ಹೋಗಿದ್ದೆ," ಎಂದಳು. "ನನಗೇನ ಗೊತ್ತು?"

ಬಸ್ಸು ಬಂತು. ಅವಳು ಮೊದಲು ಹತ್ತಿ, ಕಿಟಕಿಯ ಪಕ್ಕದ ಜಾಗವನ್ನು ಕೈಯಿಂದ ಒರೆಸಿ, ನನಗೆಂದು ಬಿಟ್ಟು ಈಚೆಗೆ ಕುಳಿತಳು.